ಗಣಿತದ ತರಗತಿಯಲ್ಲಿ ಹುಡುಗಿಯ ತಪ್ಪು

ರಾವಂದೂರಿನ ಒಂದು ಪ್ರೌಢಶಾಲೆಯ ತರಗತಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಕರಿಹಲಗೆಯ ಮೇಲೆ ಲೆಕ್ಕವೊಂದಿದೆ: ಆಯಾಕಾರದ ಹೊಗೆಸೊಪ್ಪಿನ ಹೊಲದ ಉದ್ದವು ಅಗಲಕ್ಕಿಂತ 10 ಮೀಟರ್ ಹೆಚ್ಚು, ವಿಸ್ತೀರ್ಣ 1,200 ಚದರ ಮೀಟರ್, ಅಗಲವೆಷ್ಟು? ಒಬ್ಬ ಹುಡುಗನೂ ಒಬ್ಬ ಹುಡುಗಿಯೂ ವರ್ಗಸಮೀಕರಣವನ್ನು ಬಿಡಿಸುವಾಗ ಚಿಹ್ನೆಯಲ್ಲಿ ಎಡವಿ, 30 ಎನ್ನಬೇಕಾದಲ್ಲಿ 40 ಎಂದು ಬರೆದಿದ್ದಾರೆ. ಉಪಾಧ್ಯಾಯರು ಹುಡುಗನಿಗೆ, “ಅವಸರ ಮಾಡಿದೆಯಲ್ಲೋ! ಚಿಹ್ನೆ ನೋಡು, ಇನ್ನೊಂದು ಸಲ ಮಾಡು” ಎನ್ನುತ್ತಾರೆ. ಹುಡುಗಿಗೆ, “ಇರಲಿ ಬಿಡಮ್ಮ, ಇದು ಕಷ್ಟದ ಲೆಕ್ಕ, ಕೂತುಕೋ” ಎನ್ನುತ್ತಾರೆ.

ಎರಡನೆಯ ಮಾತಿನಲ್ಲಿ ಗದರಿಕೆಯಿಲ್ಲ, ಕನಿಕರವೇ ಉಂಟು. ಆದರೆ ಹುಡುಗನ ತಪ್ಪಿಗೆ ಅವಸರವು ಕಾರಣವಾಯಿತು. ಹುಡುಗಿಯ ತಪ್ಪಿಗೆ ಅವಳ ಶಕ್ತಿಯೇ ಕಾರಣವಾಯಿತು. ಅವಸರವನ್ನು ನಾಳೆ ತಿದ್ದಿಕೊಳ್ಳಬಹುದು. ಶಕ್ತಿಯೇ ಇಲ್ಲವೆಂದು ನಂಬಿದವಳು ಏನನ್ನು ತಿದ್ದಿಕೊಂಡಾಳು?

ಇದು ನಮ್ಮ ಊಹೆ ಮಾತ್ರವಲ್ಲ. ಅಮೆರಿಕದಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 17 ಮಂದಿ ಉಪಾಧ್ಯಾಯಿನಿಯರನ್ನೂ ಅವರ ಒಂದು ಮತ್ತು ಎರಡನೆಯ ತರಗತಿಗಳ 117 ಮಕ್ಕಳನ್ನೂ ಪರೀಕ್ಷಿಸಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಪಾಧ್ಯಾಯಿನಿಗೆ ಗಣಿತದ ಭಯ ಹೆಚ್ಚಿದ್ದಷ್ಟೂ, ವರ್ಷಾಂತ್ಯದ ವೇಳೆಗೆ ಹೆಚ್ಚು ಹುಡುಗಿಯರು ‘ಗಣಿತ ಹುಡುಗರದು’ ಎಂದು ನಂಬತೊಡಗಿದ್ದರು. ಹಾಗೆ ನಂಬಿದವರ ಗಣಿತವೂ ಹಿಂದುಳಿದಿತ್ತು. ಹುಡುಗರ ಮೇಲೆ ಈ ಪರಿಣಾಮ ಕಾಣಲಿಲ್ಲ. ವರ್ಷಾರಂಭದಲ್ಲಿ ಇಂತಹ ಸಂಬಂಧವೇ ಇರಲಿಲ್ಲವೆಂಬುದು ಗಮನಾರ್ಹ. ಹದಿನೇಳು ಮಂದಿ ಚಿಕ್ಕ ಸಂಖ್ಯೆಯೇ ಸರಿ. ಆದರೆ ಇಟಲಿಯಲ್ಲಿ ಇನ್ನೂ ವಿಸ್ತಾರವಾಗಿ ನಡೆಸಿ, ಮಿಕೇಲಾ ಕಾರ್ಲಾನಾ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಅತ್ತಲೇ ಬೆರಳು ತೋರುತ್ತದೆ: ಪೂರ್ವಗ್ರಹವುಳ್ಳ ಗಣಿತೋಪಾಧ್ಯಾಯರ ಕೈಕೆಳಗೆ ಕಲಿತ ಹುಡುಗಿಯರು ಹಿಂದೆ ಬಿದ್ದುದಲ್ಲದೆ, ಮುಂದೆ ಸುಲಭವಾದ ಶಾಲೆಗಳನ್ನೇ ಆರಿಸಿಕೊಂಡರು.

ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರನ್ನು ಇಲ್ಲಿ ನೆನೆಯಬಹುದು. 1922ರಲ್ಲಿ ಹುಟ್ಟಿದ ಅವರು ಮೊದಲು ಕಲಿತದ್ದು ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ. ಆ ಅಜ್ಜಿಯೋ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಹುಡುಗಿಗೆ ಓದು ಒಗ್ಗದೆಂಬ ಮಾತಿಗೆ ಅಲ್ಲಿ ಎಡೆಯೆಲ್ಲಿ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೇ ವ್ಯಾಸಂಗಮಾಡಿ, ಮಿಚಿಗನ್ನಿನಲ್ಲಿ ಡಾಕ್ಟರೇಟ್ ಪಡೆದು, ಅವರು ಭಾರತೀಯ ವಿಜ್ಞಾನ ಮಂದಿರದಲ್ಲಿ ಸೂಕ್ಷ್ಮತರಂಗಗಳ ಪ್ರಾಧ್ಯಾಪಕರಾದರು.

ಎಸ್.ಎಸ್.ಎಲ್.ಸಿ. ಮುಗಿದೊಡನೆ ರಾವಂದೂರಿನ ಹುಡುಗಿಯೂ ಗಣಿತವಿರುವ ವಿಷಯಗಳನ್ನು ಆರಿಸಬೇಕೆ ಬಿಡಬೇಕೆ ಎಂಬುದನ್ನು ತೀರ್ಮಾನಿಸಬೇಕು. ಅಂದು “ಕೂತುಕೋ” ಎನ್ನುವ ಬದಲು, “ನಿನ್ನ ಅಗಲ 40 ಆದರೆ ಉದ್ದ 50. ಗುಣಿಸಿ ನೋಡು” ಎಂದಿದ್ದರೆ, 2,000 ಎಂಬ ಉತ್ತರವೇ ಅವಳನ್ನು ಚಿಹ್ನೆಯ ಬಳಿಗೆ ಹಿಂದಕ್ಕೆ ಕರೆದೊಯ್ಯುತ್ತಿತ್ತು.