ವಿಮಾನದ ಟಿಕೆಟ್ ಮಾಡಿಸುವ ಮುನ್ನ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರೇ, ನಮಗೆ ವಿಮಾನ ಹತ್ತಲು ಮಂಗಳೂರಿನ ಬಜ್ಪೆ ನಿಲ್ದಾಣ ಉಂಟು. 2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಯೂ ಸೇರಿದೆ. ಆದರೆ ಹೋದ ವರ್ಷ ಇದ್ದ ವಿಮಾನ ಈ ವರ್ಷವೂ ಇರುತ್ತದೆಂದು ನಂಬಿ ಮದುವೆಗೋ ಆಸ್ಪತ್ರೆಗೋ ದಿನ ಗೊತ್ತುಮಾಡಬೇಡಿ.

ಸಣ್ಣ ನಿಲ್ದಾಣಗಳಲ್ಲಿ ಸೀಟು ತುಂಬಿದರಷ್ಟೇ ಮಾರ್ಗ ಉಳಿಯುತ್ತದೆ. ಕಂಪನಿಗಳೇ ಉಳಿಯದಿರುವುದೂ ಉಂಟು: 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಮುಂಗಡ ಕೊಟ್ಟವರು ಪರದಾಡಿದರು.

ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ. ನಿಮ್ಮ ಪ್ರಯಾಣ ಆ ದಿನದ ಆಚೆಗಿದ್ದರೆ ಮತ್ತೊಮ್ಮೆ ವಿಚಾರಿಸಿ. ಏಜೆಂಟರ ಬಳಿ ಮಾಡಿಸಿದರೂ ನಿಮ್ಮದೇ ಮೊಬೈಲ್ ನಂಬರ್ ಬರೆಸಿ. ರದ್ದಾದ ಸುದ್ದಿ ಬರುವುದು ಅದಕ್ಕೇ. ಬೆಂಗಳೂರಿನಲ್ಲಿ ವಿಮಾನ ಬದಲಿಸುವುದಿದ್ದರೆ ಎರಡೂ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಮಾಡಿಸಿದರೆ, ಮೊದಲನೆಯದು ತಡವಾದಾಗ ಎರಡನೆಯದರ ಹಣ ಹೋದಂತೆಯೇ.

ಕಂಪನಿಯೇ ವಿಮಾನ ರದ್ದು ಮಾಡಿದರೆ ಬದಲಿ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕು ನಿಮಗಿದೆ, ಸಂಕೋಚಪಡಬೇಡಿ. ದಾರಿಯ ಬಗ್ಗೆಯೂ ಒಂದು ಮಾತು: ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವುದುಂಟು. ಬಜ್ಪೆಗೆ ಹೋಗುವವರು ಘಾಟಿ ತೆರೆದಿದೆಯೇ ಎಂದು ಕೇಳಿಕೊಂಡೇ, ಅರ್ಧ ದಿನ ಮೊದಲು ಹೊರಡಿ.