ಹದಿಮೂರು ತುಂಬಿದರೂ ಬಾರದ ಕೋರೆಹಲ್ಲು

ಪಾಲಕರೇ, ನಿಮ್ಮ ಮಗನಿಗೋ ಮಗಳಿಗೋ 13 ವರ್ಷ ತುಂಬಿದೆಯೇ? ಹಾಗಿದ್ದರೆ ಒಳ್ಳೆಯ ಬೆಳಕಿನಲ್ಲಿ ಕೂರಿಸಿ, ಬಾಯಿ ತೆರೆಸಿ ನೋಡಿರಿ. ಮೇಲಿನ ಸಾಲಿನಲ್ಲಿ ನಡುವಿನಿಂದ ಎಣಿಸಿದರೆ ಮೂರನೆಯದು ಕೋರೆಹಲ್ಲು. ಅದು ಎರಡೂ ಬದಿಗೆ ದಪ್ಪವಾಗಿ, ಚೂಪಾಗಿ ಬಂದಿದ್ದರೆ ಚಿಂತೆಯಿಲ್ಲ. ಅಲ್ಲಿ ಇನ್ನೂ ಚಿಕ್ಕ ಹಾಲುಹಲ್ಲೇ ಉಳಿದಿದ್ದರೆ, ಅಥವಾ ಒಂದು ಬದಿಯದು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯದು ಬಾರದಿದ್ದರೆ ದಂತ ವಿಭಾಗಕ್ಕೆ ಕರೆತನ್ನಿರಿ.

"ಹಾಲುಹಲ್ಲು ಗಟ್ಟಿ ಇದೆಯಲ್ಲ ಸಿಸ್ಟರ್, ಒಳ್ಳೆಯದೇ ಅಲ್ಲವೇ?" ಎಂದು ಅನೇಕ ತಾಯಂದಿರು ಕೇಳುತ್ತಾರೆ. ಈ ವಯಸ್ಸಿನಲ್ಲಿ ಅದು ಒಳ್ಳೆಯ ಲಕ್ಷಣವಲ್ಲ. ಕಾಯಂ ಹಲ್ಲು ಸರಿಯಾದ ದಾರಿಯಲ್ಲಿ ಬಂದರೆ ಹಾಲುಹಲ್ಲಿನ ಬೇರು ಕರಗಿ, ಅಲುಗಾಡಿ, ತಾನೇ ಬೀಳುತ್ತದೆ. ಬೀಳಲಿಲ್ಲವೆಂದರೆ ಕಾಯಂ ಹಲ್ಲು ದಾರಿ ತಪ್ಪಿ ಎಲುಬಿನೊಳಗೆ ಅಡ್ಡ ಮಲಗಿರಬಹುದು. ಕೆಲವರಿಗೆ ಆ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ.

ಮೇಲಿನ ಕೋರೆಹಲ್ಲು ಮೂಗಿನ ಪಕ್ಕದಷ್ಟು ಎತ್ತರದಲ್ಲಿ ಬೆಳೆದು, ದೂರದ ದಾರಿ ಇಳಿದು, 11-12ನೆಯ ವಯಸ್ಸಿಗೆ ಹೊರಬರುತ್ತದೆ. ದಾರಿ ತಪ್ಪುವ ಸಂಭವ ಅದಕ್ಕೆ ಹೆಚ್ಚು. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ಮನೆತನದಲ್ಲಿ ಹರಿದುಬರುವುದೂ ಉಂಟು; ಅಕ್ಕನಿಗೆ ಆಗಿದ್ದರೆ ತಮ್ಮನ ಬಾಯಿಯನ್ನೂ ನೋಡಿಸಿರಿ.

ನೋವಿಲ್ಲವೆಂದು ಸುಮ್ಮನಿರಬೇಡಿ. ಒಳಗಿರುವ ಹಲ್ಲಿನ ತುದಿ ಪಕ್ಕದ ಬಾಚಿಹಲ್ಲಿನ ಬೇರಿಗೆ ಒತ್ತಿದರೆ ಆ ಬೇರು ಕರಗಬಹುದು. ಇದು ಕನ್ನಡಿಯಲ್ಲಿ ಕಾಣದು, ಎಕ್ಸ್-ರೇಯಲ್ಲಿ ಮಾತ್ರ ತಿಳಿಯುತ್ತದೆ. ಓಪಿಜಿ ಎಂಬ ಎಕ್ಸ್-ರೇಯಲ್ಲಿ ಮಗು ನಿಂತಿರುವಾಗ ಯಂತ್ರ ಮುಖದ ಸುತ್ತ ಒಮ್ಮೆ ತಿರುಗುತ್ತದೆ. ಏನೂ ನೋವಾಗುವುದಿಲ್ಲ.

10ರಿಂದ 13 ವರ್ಷದೊಳಗೆ ಬಂದರೆ ಕೆಲವೊಮ್ಮೆ ಹಾಲು ಕೋರೆಹಲ್ಲನ್ನು ಕಿತ್ತರೆ ಸಾಕು. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ತಜ್ಞರು 1988ರಲ್ಲಿ ಪ್ರಕಟಿಸಿದ ವರದಿಯಂತೆ, ಅಂಗುಳದ ಕಡೆ ಹೊರಳಿದ್ದ 46 ಕೋರೆಹಲ್ಲುಗಳಲ್ಲಿ 36 ಹೀಗೆ ಮಾಡಿದ ಮೇಲೆ ಸರಿಯಾದ ದಾರಿಗೆ ಬಂದವು. ಇದಕ್ಕೇ ನಾವು ಬೇಗ ಬನ್ನಿ ಎನ್ನುವುದು.

ತಡವಾದರೆ ಕೆಲಸ ದೊಡ್ಡದು. ಮೊದಲು ಹಲ್ಲುಗಳಿಗೆ ಕ್ಲಿಪ್ ಮತ್ತು ತಂತಿ ಹಾಕಿ ಜಾಗ ಮಾಡುತ್ತಾರೆ. ಅನಂತರ ಒಸಡು ಬಿಡಿಸಿ, ಒಳಗಿನ ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ಅದನ್ನು ತಂತಿಗೆ ಕಟ್ಟಿ ಮೆಲ್ಲಗೆ ಎಳೆಯುತ್ತಾರೆ. ಎಲ್ಲ ಸೇರಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ವರ್ಷ. ನಾಲ್ಕರಿಂದ ಆರು ವಾರಕ್ಕೊಮ್ಮೆ ಬರಬೇಕು. ಮಗು ಪಿಯುಸಿಗೆ ಬೇರೆ ಊರಿನ ಹಾಸ್ಟೆಲಿಗೆ ಹೋಗುವುದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿರಿ. ನಡುವೆ ಬಿಟ್ಟರೆ ಹಲ್ಲು ಅರ್ಧದಲ್ಲೇ ನಿಲ್ಲುತ್ತದೆ, ಕ್ಲಿಪ್ಪಿನ ಸುತ್ತಲಿನ ಹಲ್ಲುಗಳೂ ಹುಳುಕಾಗುತ್ತವೆ.

"ಇಷ್ಟೆಲ್ಲ ಏಕೆ, ಕಿತ್ತು ಬೇರೆ ಹಲ್ಲು ಕಟ್ಟಿಸಿಬಿಡಿ" ಎನ್ನುವ ಬಂಧುಗಳು ಇದ್ದೇ ಇರುತ್ತಾರೆ. ಎಲುಬಿಗೆ ಅಂಟಿಕೊಂಡು ಅಲುಗದ ಹಲ್ಲಿಗೆ ಬೇರೆ ದಾರಿ ನೋಡಲೇಬೇಕಾಗುತ್ತದೆ, ನಿಜ. ಆದರೆ ಬೆಳೆಯುವ ದವಡೆಗೆ ಇಂಪ್ಲಾಂಟ್ ಹಾಕುವಂತಿಲ್ಲ. ತನ್ನದೇ ಹಲ್ಲು ಬರುವಂತಿದ್ದರೆ ಅದನ್ನೇ ಬರಮಾಡಿಕೊಳ್ಳುವುದು ಮೇಲು.

ಆಪರೇಷನ್ ಎಂದ ಕೂಡಲೇ ಮಗುವನ್ನು ಹಸಿದ ಹೊಟ್ಟೆಯಲ್ಲಿ ಕರೆತರುವವರು ಬಹಳ. ಒಸಡಿಗಷ್ಟೇ ಇಂಜೆಕ್ಷನ್ ಕೊಡುವುದಾದರೆ ಊಟ ಮಾಡಿಸಿಯೇ ತನ್ನಿರಿ. ಪೂರ್ತಿ ಮಂಪರು ಕೊಡುವುದಾದರೆ ಮಾತ್ರ ಉಪವಾಸ. ಎಷ್ಟು ಹೊತ್ತು ಎಂಬುದನ್ನು ನಾವೇ ತಿಳಿಸುತ್ತೇವೆ. ಆ ದಿನ ತಣ್ಣಗಿನ ಗಂಜಿ, ಮೊಸರನ್ನ ಕೊಡಿರಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಗಾಯಕ್ಕೆ ಅರಿಶಿಣ, ಲವಂಗದೆಣ್ಣೆ ಹಚ್ಚಬೇಡಿ.

ಕ್ಲಿಪ್ ಇರುವಷ್ಟು ದಿನ ಕಬ್ಬು, ಚಿಕ್ಕಿ, ಚಕ್ಕುಲಿ ಬೇಡ. ಖಡಕ್ ರೊಟ್ಟಿ ಬಿಡಬೇಕಾಗಿಲ್ಲ, ಸಾರಿನಲ್ಲಿ ನೆನೆಸಿ ಕೊಡಿರಿ. ಪ್ರತಿ ಊಟದ ನಂತರ ಬ್ರಷ್ ಮಾಡಲಿ. ಸರಪಳಿ ಬಿಚ್ಚಿಕೊಂಡರೆ ಮುಂದಿನ ತಾರೀಖಿಗೆ ಕಾಯದೆ ಮರುದಿನವೇ ಬನ್ನಿರಿ. ಬರುವಾಗ ಹಳೆಯ ಎಕ್ಸ್-ರೇ ತರಲು ಮರೆಯಬೇಡಿ.