ಗೇಣುದ್ದದ ಕಣಯಂತ್ರ

ಎಲೆಕ್ಟ್ರಾನಿನಂಥ ಸೂಕ್ಷ್ಮ ಕಣಗಳನ್ನು ಅತಿ ವೇಗದಿಂದ ಓಡಿಸುವ ಯಂತ್ರಕ್ಕೆ ವೇಗೋತ್ಕರ್ಷಕ ಎನ್ನುತ್ತೇವೆ. ಪರಮಾಣುವಿನ ಒಳಗುಟ್ಟನ್ನು ತಿಳಿಯಲು ಇದು ಬೇಕು. ಕ್ಯಾನ್ಸರ್ ರೋಗಿಗಳ ಕಿರಣ ಚಿಕಿತ್ಸೆಗೂ ಇದರ ಚಿಕ್ಕ ರೂಪ ಬೇಕು.

ದೊಡ್ಡ ಯಂತ್ರಗಳ ಉದ್ದ ಬೆರಗು ಹುಟ್ಟಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವುದು ಸುಮಾರು 3 ಕಿ.ಮೀ. ಉದ್ದವಿದೆ. ಇಷ್ಟು ಉದ್ದವೇಕೆ? ಇದರಲ್ಲಿ ಲೋಹದ ಕೋಶಗಳೊಳಗಿನ ವಿದ್ಯುತ್ ಕ್ಷೇತ್ರವು ಕಣಗಳನ್ನು ಮುಂದಕ್ಕೆ ನೂಕುತ್ತದೆ. ಕ್ಷೇತ್ರ ಮಿತಿಮೀರಿದರೆ ಕಿಡಿ ಹಾರಿ ಲೋಹವೇ ಕೆಡುತ್ತದೆ. ಆದುದರಿಂದ ಮೆಲ್ಲಮೆಲ್ಲನೆ, ಬಹುದೂರ ನೂಕಬೇಕು.

1979ರಲ್ಲಿ ತಜಿಮಾ ಮತ್ತು ಡಾಸನ್ ಎಂಬ ವಿಜ್ಞಾನಿಗಳು ಬೇರೆ ದಾರಿ ಸೂಚಿಸಿದರು. ಲೋಹದ ಬದಲು ಪ್ಲಾಸ್ಮಾ ಬಳಸಬೇಕೆಂದರು. ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಅನಿಲವೇ ಪ್ಲಾಸ್ಮಾ. ಮಿಂಚಿನಲ್ಲಿಯೂ ಬೆಳಗುವ ಟ್ಯೂಬ್‌ಲೈಟಿನಲ್ಲಿಯೂ ಇರುವುದು ಅದೇ. ಆಗಲೇ ಒಡೆದಿರುವುದಕ್ಕೆ ಮತ್ತೆ ಒಡೆಯುವ ಭಯವೆಲ್ಲಿ?

ನಮ್ಮ ಸೊಲ್ಲಾಪುರದ ಸಿದ್ಧೇಶ್ವರ ಕೆರೆಯಲ್ಲಿ ದೋಣಿಯೊಂದು ವೇಗವಾಗಿ ಸಾಗಿತೆನ್ನೋಣ. ಅದರ ಹಿಂದೆ ತೆರೆಗಳು ಏಳುತ್ತವೆ. ಹಾಗೆಯೇ ಲೇಸರ್ ಬೆಳಕಿನ ಅತಿ ಕಿರಿದಾದ, ಅತಿ ಪ್ರಬಲವಾದ ತುಣುಕೊಂದು ಪ್ಲಾಸ್ಮಾದಲ್ಲಿ ನುಗ್ಗಿದಾಗ ಹಗುರಾದ ಎಲೆಕ್ಟ್ರಾನುಗಳು ಬದಿಗೆ ಸರಿಯುತ್ತವೆ. ಭಾರವಾದ ಅಯಾನುಗಳು ಅಲ್ಲಿಯೇ ಉಳಿದು ಅವನ್ನು ಮರಳಿ ಸೆಳೆಯುತ್ತವೆ. ಹೀಗೆ ಬೆಳಕಿನ ಬೆನ್ನಿಗೇ ವಿದ್ಯುತ್ತಿನ ತೆರೆ ಏಳುತ್ತದೆ. ಆ ತೆರೆಯನ್ನೇರಿದ ಎಲೆಕ್ಟ್ರಾನುಗಳು ಕ್ಷಣಾರ್ಧಕ್ಕಿಂತಲೂ ಬೇಗ ಅಪಾರ ಶಕ್ತಿ ಗಳಿಸುತ್ತವೆ.

ಆದರೆ ಆಗ ಅಂಥ ಲೇಸರ್ ಇರಲಿಲ್ಲ. 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮೂರೂ ಅವರು ಬೆಳಕಿನ ತುಣುಕನ್ನು ಮೊದಲು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ಉಪಾಯ ಕಂಡರು. ಅದಕ್ಕಾಗಿ 2018ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. 2019ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಒಂದು ಗೇಣಿಗಿಂತ ಕಡಿಮೆ, ಅಂದರೆ 20 ಸೆಂ.ಮೀ. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳಿಗೆ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟುದಾಗಿ ಪ್ರಕಟಿಸಿದರು.

ಪ್ಲಾಸ್ಮಾದ ನೂಕುಬಲ ಲೋಹದ ಕೋಶಕ್ಕಿಂತ ಸಾವಿರ ಪಟ್ಟು ಹೆಚ್ಚು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಅಷ್ಟುದ್ದದ ಯಂತ್ರದ ಕೆಲಸಕ್ಕೆ ಲೆಕ್ಕದ ಪ್ರಕಾರ 40 ಮೀಟರು ಸಾಕು!

ನಮ್ಮ ದೇಶದಲ್ಲಿ ಇಂದೂರಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಈ ಪ್ರಯೋಗಗಳು ನಡೆದಿವೆ. ಆ ರಾಮಣ್ಣನವರು 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಕನ್ನಡಿಗರೆಂಬುದು ನಮಗೆ ಹೆಮ್ಮೆ.

ಕೆಲಸ ಮುಗಿದಿಲ್ಲ. ಪ್ಲಾಸ್ಮಾ ಗೇಣುದ್ದವಾದರೂ ಲೇಸರಿಗೆ ದೊಡ್ಡ ಕೋಣೆಯೇ ಬೇಕು. ಪ್ರತಿಸಲವೂ ಒಂದೇ ಸಮನಾದ ಕಿರಣ ಬರುವುದೂ ಕಷ್ಟ. ಇವು ಬಗೆಹರಿದರೆ ಸಣ್ಣ ಊರಿನ ಆಸ್ಪತ್ರೆಗೂ ಇಂಥ ಯಂತ್ರ ಬಂದೀತು. ರೋಗಿಗಳ ದೂರದ ಅಲೆದಾಟ ತಪ್ಪೀತು. ಪರಮಾಣು, ವಿದ್ಯುತ್ತು, ತರಂಗ—ನಮ್ಮ ಪುಸ್ತಕದ ಈ ಮೂರು ಪಾಠಗಳೇ ಆ ಕೆಲಸದ ಮೊದಲ ಮೆಟ್ಟಿಲು. ಅವನ್ನು ಮನವಿಟ್ಟು ಕಲಿಯೋಣ.